ಕೊಲರಾಡೋ ನದಿ ಮತ್ತು ಒಂದು ತಪ್ಪು ಇನ್‌ಪುಟ್

ಕೋಡ್ ಸರಿಯಿದ್ದು ಡೇಟಾ ತಪ್ಪಿದ್ದರೆ ಆ ಬಗ್ ಹುಡುಕೋದು ಎಂಥ ತಲೆನೋವು ಅಂತ ನನ್ನಂಥ ಸಾಫ್ಟ್‌ವೇರ್ ಮಂದಿಗೆ ಚೆನ್ನಾಗಿ ಗೊತ್ತು. ಅಂಥ ತಪ್ಪನ್ನು ನೂರು ವರ್ಷದಿಂದ ಹೊತ್ತು ಹರಿಯುತ್ತಿರುವ ನದಿ ಅಮೆರಿಕದ ಕೊಲರಾಡೋ. ನಾನು ಚಿತ್ರದುರ್ಗದ ಕಡೆಯವನು, ನೀರಿನ ಲೆಕ್ಕ ಅಂದರೆ ಕಿವಿ ನೆಟ್ಟಗಾಗುತ್ತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1922ರ ನವೆಂಬರಿನಲ್ಲಿ ಏಳು ರಾಜ್ಯಗಳ ಪ್ರತಿನಿಧಿಗಳು ನದಿ ಹಂಚಿಕೊಂಡರು. ನಮಗೆ ಅರ್ಥವಾಗುವ ಟಿಎಂಸಿಯಲ್ಲಿ ಹೇಳಿದರೆ ಮೇಲ್ಭಾಗದ ರಾಜ್ಯಗಳಿಗೆ ವರ್ಷಕ್ಕೆ ಸುಮಾರು 327, ಕೆಳಭಾಗಕ್ಕೂ ಅಷ್ಟೇ. 1944ರಲ್ಲಿ ಮೆಕ್ಸಿಕೋಗೆ ಇನ್ನೊಂದು 65. (ಮೈಸೂರು-ಮದರಾಸು ಕಾವೇರಿ ಒಪ್ಪಂದ ಆಗಿದ್ದು 1924ರಲ್ಲಿ. ಆ ಕಾಲವೇ ಹಾಗಿತ್ತೋ ಏನೋ!) ಹಂಚುವಾಗ ಕೈಯಲ್ಲಿದ್ದದ್ದು ಸುಮಾರು ಎರಡು ದಶಕದ ಅಳತೆ, ಅದೂ ನದಿ ತುಂಬಿ ಹರಿದ ವರ್ಷಗಳದ್ದು. ಇಷ್ಟು ನೀರಿಲ್ಲ ಅಂತ ಲಾ ರೂ ಎಂಬ ಸರ್ಕಾರಿ ಜಲತಜ್ಞ ಆಗಲೇ ಎಚ್ಚರಿಸಿದ್ದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

1976ರಲ್ಲಿ ಸ್ಟಾಕ್‌ಟನ್ ಮತ್ತು ಜೇಕಬಿ ಹಳೇ ಮರಗಳ ಉಂಗುರಗಳನ್ನು ಅಳೆದು ನಾಲ್ಕು ಶತಮಾನಗಳ ಹರಿವನ್ನು ಲೆಕ್ಕ ಹಾಕಿದರು. ಸರಾಸರಿ ಬಂದದ್ದು ಸುಮಾರು 588 ಟಿಎಂಸಿ! ಹಂಚಿದ್ದು ಒಟ್ಟು 719. ಮರಗಳು ಸುಳ್ಳು ಹೇಳುವುದಿಲ್ಲವಲ್ಲ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಬ್ಯೂರೋ ಆಫ್ ರೆಕ್ಲಮೇಶನ್ (ಅಲ್ಲಿನ ನೀರಾವರಿ ಇಲಾಖೆ ಅನ್ನಿ) ಇಡೀ ನದಿಯನ್ನು ಕಂಪ್ಯೂಟರಿಗೆ ಹಾಕತೊಡಗಿತ್ತು. ಸಿ.ಆರ್.ಎಸ್.ಎಸ್. ಅಂತ ಹೆಸರು, ಬರೆದದ್ದು ಫೋರ್‌ಟ್ರಾನಿನಲ್ಲಿ. ಯಾವ ಅಣೆಕಟ್ಟಿನಿಂದ ಯಾವಾಗ ಎಷ್ಟು ಬಿಡಬೇಕು ಅನ್ನೋ ನಿಯಮಗಳೆಲ್ಲ ಕೋಡಿನೊಳಗೇ ಹಾರ್ಡ್‌ಕೋಡ್! ನಿಯಮ ಬದಲಾದರೆ ಎಷ್ಟಾಗುತ್ತೆ ಅಂತ ಯಾರಾದರೂ ಕೇಳಿದರೆ ಪ್ರೋಗ್ರಾಮನ್ನೇ ತಿದ್ದಬೇಕು. ಪಾಪ, ಆ ಪ್ರೋಗ್ರಾಮರ್ :) 1996ರಲ್ಲಿ ಇದನ್ನು ಕೊಲರಾಡೋ ವಿಶ್ವವಿದ್ಯಾಲಯದವರ ರಿವರ್‌ವೇರ್‌ಗೆ ಸಾಗಿಸಿದರು. ಅಲ್ಲಿ ನಿಯಮಗಳು ಬೇರೆ, ಇಂಜಿನ್ ಬೇರೆ. ಜಗಳವಾಡುವ ರಾಜ್ಯಗಳೆಲ್ಲ ಒಂದೇ ಮಾಡೆಲ್ ಮುಂದೆ ಕೂತು ತಮ್ಮ ತಮ್ಮ ನಿಯಮ ಹಾಕಿ ನೋಡಬಹುದಾಯಿತು. ನನ್ನ ಪ್ರಕಾರ ದೊಡ್ಡ ಸಾಧನೆ ಇದೇ.

ಆದರೆ ಇನ್‌ಪುಟ್? ಮುಂದಿನ ವರ್ಷಗಳ ನೀರು ಎಷ್ಟು ಅಂತ ಊಹಿಸಲು 1906ರಿಂದಿನ ದಾಖಲೆಯನ್ನೇ ಚಕ್ರದಂತೆ ತಿರುಗಿಸುತ್ತಿದ್ದರು. ಒಂದು ಓಟದಲ್ಲಿ ಮುಂದಿನ ವರ್ಷಕ್ಕೆ 1906ರ ನೀರು, ಅದರಾಚೆಯದಕ್ಕೆ 1907ರದು. ಇನ್ನೊಂದು ಓಟ 1907ರಿಂದ ಶುರು. ಹೀಗೆ ಆ ತುಂಬಿ ಹರಿದ ವರ್ಷಗಳು ಪ್ರತಿ ಸರದಿಯಲ್ಲೂ ಭವಿಷ್ಯದೊಳಕ್ಕೆ ನುಸುಳುತ್ತಿದ್ದವು. ದಾಖಲೆಯಲ್ಲಿ ಇಲ್ಲದಷ್ಟು ಕೆಟ್ಟ ಬರ ಮಾಡೆಲಿನಲ್ಲೂ ಇಲ್ಲ. 2007ರ ನಿಯಮಾವಳಿ ರೂಪಿಸುವಾಗ ಮರದ ಉಂಗುರದ ಹರಿವನ್ನೂ ಓಡಿಸಿ ನೋಡಿದರು, ಆದರೆ ಅದಕ್ಕೆ ಸಿಕ್ಕ ಜಾಗ ಅನುಬಂಧದಲ್ಲಿ. ಆಮೇಲಷ್ಟೇ 1988ರಿಂದೀಚಿನ ಒಣ ವರ್ಷಗಳನ್ನು ಮಾತ್ರ ತೆಗೆದುಕೊಂಡು 'ಸ್ಟ್ರೆಸ್ ಟೆಸ್ಟ್' ಶುರುವಾದದ್ದು.

2021ರ ಆಗಸ್ಟಿನಲ್ಲಿ ಮೀಡ್ ಜಲಾಶಯಕ್ಕೆ ಮೊದಲ ಬಾರಿ ಅಧಿಕೃತ ಕೊರತೆ ಘೋಷಣೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ಕೆ.ಆರ್.ಎಸ್.ಗಳ ನೀರು ಹಿಡಿಯುವ ಜಲಾಶಯ ಅದು! ಮರುವರ್ಷ ಅರಿಜೋನಾದ ಪಿನಾಲ್ ಕೌಂಟಿಯ ರೈತರಿಗೆ ನಾಲೆ ನೀರು ಕಡಿತವಾಯಿತು. ಕೆಲವರು ಹೊಲ ಬೀಳುಬಿಟ್ಟರು, ಕೆಲವರು ಮತ್ತೆ ಬೋರ್‌ವೆಲ್ ಕಡೆ ತಿರುಗಿದರು. ಅದನ್ನು ಓದುವಾಗ ನಮ್ಮೂರಿನ ಬೋರ್ ಲಾರಿಯ ಸದ್ದು ಕೇಳಿದಂತಾಯಿತು.