ಸೂಜಿಯಿಂದ ಪಂಪಿನವರೆಗೆ: ಇನ್ಸುಲಿನ್ ನಡೆದು ಬಂದ ದಾರಿ

“ತಮ್ಮಾ, ಸೊಂಟಕ್ಕ ಒಂದು ಮಷೀನ್ ಕಟ್ಟಿದ್ರ ದಿನಾ ಸೂಜಿ ಚುಚ್ಚೋದು ತಪ್ತದಂತ. ಫೋನಿನ್ಯಾಗ ನೋಡೀನಿ. ಖರೇ ಏನು?”

ರಂಗಂಪೇಟೆಯ ತಾಯಿಯೊಬ್ಬರು ನಮ್ಮನ್ನು ಕೇಳಿದ ಪ್ರಶ್ನೆ ಇದು. ಅವರ ಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆ. ದಿನಕ್ಕೆ ನಾಲ್ಕು ಸೂಜಿ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲು ನಮಗಾಗಲಿಲ್ಲ. ಅದಕ್ಕೇ ಈ ಬರಹ.

ನೂರು ವರ್ಷದ ಹಿಂದೆ ಈ ಕಾಯಿಲೆ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಮಾಡುವುದನ್ನು ನಿಲ್ಲಿಸಿದರೆ ಉಂಡದ್ದು ರಕ್ತದಲ್ಲಿ ಸಕ್ಕರೆಯಾಗಿ ನಿಲ್ಲುತ್ತದೆ, ಮೈಗೆ ಹತ್ತುವುದಿಲ್ಲ. ಆಗಿನ ಡಾಕ್ಟರರು ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಸ್ವಲ್ಪ ದಿನ ಮುಂದೂಡುತ್ತಿದ್ದರು, ಅಷ್ಟೇ.

1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಪ್ರಾಣಿಗಳ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಸೂಜಿ ಕೊಟ್ಟರು. ಆಗ ಅವನ ತೂಕ 30 ಕಿಲೊ ಕೂಡ ಇರಲಿಲ್ಲ. ಆ ಔಷಧಿ ಶುದ್ಧವಿರಲಿಲ್ಲ, ಸರಿಯಾಗಿ ಕೆಲಸ ಮಾಡಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧಮಾಡಿದ ಮೇಲೆ, 23ರಂದು ಕೊಟ್ಟ ಸೂಜಿ ಹುಡುಗನನ್ನು ಎಬ್ಬಿಸಿ ಕೂರಿಸಿತು. ಅವನು ಇನ್ನೂ 13 ವರ್ಷ ಬದುಕಿದ. ಕಂಡುಹಿಡಿದವರು ಪೇಟೆಂಟನ್ನು ತಲಾ ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು.

ಆ ಕಾಲದ ಸಿರಿಂಜು ಗಾಜಿನದು. ಪ್ರತಿ ಸಲ ನೀರಿನಲ್ಲಿ ಕುದಿಸಬೇಕು, ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆಯಬೇಕು. ಆಮೇಲೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಿರಿಂಜು ಬಂತು, 1985ರಲ್ಲಿ ಪೆನ್ ಬಂತು. ಔಷಧಿಯೂ ಬದಲಾಯಿತು. ದನ, ಹಂದಿಗಳಿಂದ ತೆಗೆಯುತ್ತಿದ್ದ ಇನ್ಸುಲಿನ್ ಬದಲು, ಮನುಷ್ಯನ ಇನ್ಸುಲಿನ್ನನ್ನೇ ಸೂಕ್ಷ್ಮಜೀವಿಗಳಿಂದ ತಯಾರಿಸುವ ವಿಧಾನಕ್ಕೆ 1982ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ 2004ರಲ್ಲಿ ಮಾರುಕಟ್ಟೆಗೆ ಬಂತು.

ಹಾಗಾದರೆ ಪಂಪು ಯಾಕೆ ಬೇಕಾಯಿತು? ನಾರಾಯಣಪುರದ ಕಾಲುವೆ ನೀರು ಕಂಡ ನಮ್ಮ ರೈತರಿಗೆ ಇದು ಬೇಗ ತಿಳಿಯುತ್ತದೆ. ಸೂಜಿ ಎಂದರೆ ಸರತಿ ಬಂದಾಗ ಹೊಲಕ್ಕೆ ನೀರು ಬಿಟ್ಟಂತೆ. ಪಂಪು ಎಂದರೆ ಡ್ರಿಪ್. ಹಗಲು ರಾತ್ರಿ ತೊಟ್ಟು ತೊಟ್ಟಾಗಿ ಇನ್ಸುಲಿನ್ ಹೋಗುತ್ತದೆ, ಊಟಕ್ಕೆ ಮುಂಚೆ ಬಟನ್ ಒತ್ತಿ ಹೆಚ್ಚಿಗೆ ಬಿಡಬೇಕು. ಆರೋಗ್ಯವಂತರ ಗ್ರಂಥಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

1963ರ ಸುಮಾರಿಗೆ ಅಮೆರಿಕದ ಆರ್ನಾಲ್ಡ್ ಕಡಿಶ್ ಮಾಡಿದ ಪಂಪು ಬೆನ್ನಿಗೆ ಹೊರುವಷ್ಟು ದೊಡ್ಡದಿತ್ತು. 1978ರಲ್ಲಿ ಲಂಡನ್ನಿನ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಸಂಗಡಿಗರು, ಚಿಕ್ಕ ಪಂಪಿನಿಂದ ಚರ್ಮದಡಿ ಸತತವಾಗಿ ಇನ್ಸುಲಿನ್ ಕೊಟ್ಟ ಫಲಿತಾಂಶ ಪ್ರಕಟಿಸಿದರು. 1993ರಲ್ಲಿ ಅಮೆರಿಕ, ಕೆನಡಾದ ದೊಡ್ಡ ಅಧ್ಯಯನವೊಂದು ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಬಹಳ ತಗ್ಗುತ್ತದೆ ಎಂದು ತೋರಿಸಿತು. ಒಂದು ಮಾತು ಗಮನಿಸಿ. ಆ ಅಧ್ಯಯನದಲ್ಲಿ ಹಾಗೆ ಹಿಡಿತದಲ್ಲಿಟ್ಟವರು ಕೆಲವರು ಪಂಪಿನಿಂದ, ಕೆಲವರು ದಿನಕ್ಕೆ ಮೂರು ನಾಲ್ಕು ಸೂಜಿಯಿಂದ. ಕಾಪಾಡಿದ್ದು ಯಂತ್ರವಲ್ಲ, ಹಿಡಿತ.

ಪಂಪು ಹಾಕಿದರೂ ಚುಚ್ಚುವುದು ಪೂರ್ತಿ ತಪ್ಪುವುದಿಲ್ಲ. ಚರ್ಮದಡಿಯ ಸಣ್ಣ ನಳಿಗೆಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಬೇಕು. ಸಕ್ಕರೆ ನೋಡುತ್ತಲೇ ಇರಬೇಕು. ಪಂಪಿನಲ್ಲಿರುವುದು ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್. ನಳಿಗೆ ಕಟ್ಟಿಕೊಂಡರೆ ಕೆಲವೇ ತಾಸಿನಲ್ಲಿ ಜೀವಕ್ಕೆ ಅಪಾಯ. ಹಾಗಾಗಿ ಪಂಪು ಇದ್ದವರ ಮನೆಯಲ್ಲೂ ಪೆನ್ನೋ ಸಿರಿಂಜೋ ಇರಲೇಬೇಕು. ಸೆನ್ಸರ್ ನೋಡಿ ತಾನೇ ಪ್ರಮಾಣ ಬದಲಿಸುವ ಪಂಪುಗಳೂ ಈಗ ಬಂದಿವೆ. ಆದರೆ ಬೆಲೆ ಲಕ್ಷದ ಲೆಕ್ಕದಲ್ಲಿದೆ, ಪ್ರತಿ ತಿಂಗಳ ಸಾಮಾನಿನ ಖರ್ಚು ಬೇರೆ. ಒಂದು ಡಾಲರಿಗೆ ಬರೆದುಕೊಟ್ಟ ಔಷಧಿಯ ಕಥೆ ಇಲ್ಲಿಗೆ ಬಂದು ನಿಂತಿದೆ.

ಆ ತಾಯಿಗೆ ನಾವು ಹೇಳಿದ್ದು ಇಷ್ಟು: “ಅಕ್ಕಾ, ಪಂಪು ಒಳ್ಳೆಯದೇ. ಸಾಲ ಮಾಡುವ ಮುಂಚೆ ಮಕ್ಕಳ ಸಕ್ಕರೆ ಕಾಯಿಲೆ ನೋಡುವ ಡಾಕ್ಟರರನ್ನು ಕೇಳ್ರಿ. ಪಂಪು ಇಲ್ಲ ಅಂತ ಮಗಳಿಗೆ ಕಡಿಮೆ ಮಾಡಿದೆ ಅಂದ್ಕೋಬ್ಯಾಡ್ರಿ.”

ಅವರ ಮನೆಯಲ್ಲಿ ಫ್ರಿಜ್ ಇಲ್ಲ. ಮೂಲೆಯ ನೆರಳಲ್ಲಿ ಒದ್ದೆ ಮರಳಿನ ಮೇಲೆ ಮಣ್ಣಿನ ಗಡಿಗೆ, ಅದರೊಳಗೆ ಡಬ್ಬಿಯಲ್ಲಿ ಇನ್ಸುಲಿನ್ ಬಾಟಲಿ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆ ತಾಯಿ ಬೆಳಿಗ್ಗೆ, ಸಂಜೆ ಮರಳಿಗೆ ನೀರು ಚಿಮುಕಿಸುವುದನ್ನು ಒಂದು ದಿನವೂ ತಪ್ಪಿಸಿಲ್ಲ.