ಸಣ್ಣ ದನಿಯ ದೊಡ್ಡ ಯಾತ್ರೆ: ಗಿಟಾರ್ ವಾದ್ಯದ ಇತಿಹಾಸ



ಪಾಶ್ಚಾತ್ಯ ಸಂಗೀತದಲ್ಲಿ ಕುತೂಹಲವುಳ್ಳ ಮಿತ್ರರು ಆಗಾಗ್ಗೆ ಒಂದು ಪ್ರಶ್ನೆಯನ್ನು ಕೇಳುವುದುಂಟು. "ಅದೊಂದು ಮಹಾಸಮುದ್ರ, ನಾವು ಇಳಿಯಬೇಕಾದ ಸೋಪಾನ ಯಾವುದು?" ಎಂದು. ಇದರ ಬೆನ್ನಿಗೇ ಮತ್ತೊಂದು ಶಂಕೆಯೂ ಬರುತ್ತದೆ: "ಅದನ್ನು ಕೇಳುತ್ತ ಹೋದರೆ ನಮ್ಮ ಕಿವಿಯ ಸಂಸ್ಕಾರ ಕೆಡಲಾರದೆ?" ಮೊದಲನೆಯದು ದಾರಿಯನ್ನು ಕೇಳುವ ಪ್ರಶ್ನೆ, ಎರಡನೆಯದು ಭಯದ ಪ್ರಶ್ನೆ. ಒಂದೇ ಒಂದು ವಾದ್ಯದ ಚರಿತ್ರೆಯನ್ನು ಹೇಳುತ್ತ ಎರಡಕ್ಕೂ ಉತ್ತರವನ್ನು ಹುಡುಕೋಣವೆಂದು ನನ್ನ ಉದ್ದೇಶ. ಆ ವಾದ್ಯವೇ ಗಿಟಾರ್.

ಮೈಸೂರಿನವರಿಗೆ ಈ ವಾದ್ಯವನ್ನು ಪರಿಚಯ ಮಾಡಿಕೊಡುವುದು ಕಷ್ಟವಲ್ಲ. ವೀಣೆಯಂತೆ ಇದಕ್ಕೂ ಮೆಟ್ಟುಗಳುಂಟು. ಎಡಗೈ ತಂತಿಯನ್ನು ಒತ್ತುತ್ತದೆ, ಬಲಗೈ ಮೀಟುತ್ತದೆ. ವೀಣೆಯಂತೆಯೇ ಇದರದೂ ಸಣ್ಣ ದನಿ. ಈ ಸಣ್ಣ ದನಿಯೇ ಇದರ ಚರಿತ್ರೆಯ ತಿರುಳೆಂದು ಹೇಳಬಹುದು. ಪಿಟೀಲಿನ ಮೇಳವೂ ಪಿಯಾನೋವೂ ವಿಶಾಲವಾದ ಸಭಾಭವನಗಳನ್ನು ಆಕ್ರಮಿಸಿಕೊಂಡ ಹತ್ತೊಂಬತ್ತನೆಯ ಶತಮಾನದಲ್ಲಿ ಗಿಟಾರು ನಡುಮನೆಯ ವಿನೋದಕ್ಕೂ ಬೀದಿಯ ಹಾಡಿಗೂ ಮಾತ್ರ ತಕ್ಕುದೆಂದು ಪಂಡಿತರು ತಳ್ಳಿಬಿಟ್ಟಿದ್ದರು.

ಇದನ್ನು ಎತ್ತಿ ನಿಲ್ಲಿಸಿದವರಲ್ಲಿ ಮೊದಲಿಗನು ಒಬ್ಬ ಬಡಗಿ. ಸ್ಪೇನ್ ದೇಶದ ಆಲ್ಮೆರಿಯಾದಲ್ಲಿ 1817ರಲ್ಲಿ ಹುಟ್ಟಿದ ಆಂಟೋನಿಯೋ ದೆ ಟೊರ್ರೆಸನು ಗಿಟಾರಿನ ಒಡಲನ್ನು ಹಿಗ್ಗಿಸಿ, ಮೇಲುಹಲಗೆಯನ್ನು ತೆಳುಮಾಡಿ, ಅದರ ಒಳಮೈಗೆ ಬೀಸಣಿಗೆಯ ಕಡ್ಡಿಗಳಂತೆ ಹರಡಿದ ಪಟ್ಟಿಗಳನ್ನು ಆನಿಸುವ ಕ್ರಮವನ್ನು ಪಕ್ವಗೊಳಿಸಿದನು. ನಾದವು ಹುಟ್ಟುವುದು ಈ ಮೇಲುಹಲಗೆಯಿಂದ ಎಂಬುದು ಅವನ ನಂಬಿಕೆ. ಅದನ್ನು ಸ್ಥಾಪಿಸುವುದಕ್ಕಾಗಿ 1862ರಲ್ಲಿ ಬೆನ್ನನ್ನೂ ಪಕ್ಕಗಳನ್ನೂ ಕಾಗದದ ರಟ್ಟಿನಿಂದಲೇ ಮಾಡಿ, ಮೇಲುಹಲಗೆಯನ್ನು ಮಾತ್ರ ಮರದಿಂದ ಮಾಡಿ ಒಂದು ಗಿಟಾರನ್ನು ಕಟ್ಟಿದನು. ವಾದಿಸುವುದಕ್ಕೆ ಬದಲು ಮಾಡಿ ತೋರಿಸುವುದು ಕುಶಲಿಗಳ ರೀತಿ.

ವಾದ್ಯವೇನೋ ಸಿದ್ಧವಾಯಿತು, ವೈಣಿಕನು ಬೇಕಷ್ಟೆ. ನಮ್ಮ ವೀಣೆ ಶೇಷಣ್ಣನವರು ಹುಟ್ಟಿದುದು 1852ರಲ್ಲಿ. ಅದೇ ವರ್ಷ ಸ್ಪೇನಿನಲ್ಲಿ ಫ್ರಾನ್ಸಿಸ್ಕೋ ತಾರ್ರೆಗಾ ಹುಟ್ಟಿದನು. ಒಬ್ಬರನ್ನೊಬ್ಬರು ಅರಿಯದ ಈ ಇಬ್ಬರು ತಮ್ಮ ತಮ್ಮ ನಾಡಿನಲ್ಲಿ ಮೀಟುವ ತಂತಿಗೆ ಗೌರವವನ್ನು ತಂದುಕೊಟ್ಟರು. ತಾರ್ರೆಗಾ ನುಡಿಸಿದುದು ಟೊರ್ರೆಸನು ಮಾಡಿದ ಗಿಟಾರನ್ನು. ಅವನ 'ರೆಕ್ವೆರ್ದೋಸ್ ದೆ ಲಾ ಆಲಂಬ್ರಾ' ಎಂಬ ಕೃತಿಯನ್ನು ಹೊಸಬರು ಮೊದಲು ಕೇಳಬೇಕು. ಒಂದೇ ಸ್ವರವನ್ನು ಬೆರಳುಗಳು ಸರದಿಯ ಮೇಲೆ ಅತಿ ವೇಗವಾಗಿ ಮೀಟುತ್ತವೆ. ಮೀಟಿದೊಡನೆ ಅಳಿಯುವ ನಾದವು ಅಳಿಯದೆ ಕಾರಂಜಿಯಂತೆ ತೂಗುತ್ತದೆ.

ಇನ್ನು ಸಭಾಭವನದ ಮಾತು. ಆಂದ್ರೇಸ್ ಸೆಗೋವಿಯಾ 1893ರಲ್ಲಿ ಹುಟ್ಟಿದನು. ಬಹುಮಟ್ಟಿಗೆ ತಾನೇ ತನ್ನ ಗುರು. 1935ರ ಜೂನ್ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ಅವನು ಬಾಖ್ ಮಹಾಶಯನು ಒಂಟಿ ಪಿಟೀಲಿಗಾಗಿ ರಚಿಸಿದ್ದ 'ಶಕೋನ್' ಎಂಬ ಕೃತಿಯನ್ನು ಗಿಟಾರಿಗೆ ಅಳವಡಿಸಿ ನುಡಿಸಿದನು. ಅದೇ 1935ರಲ್ಲಿಯೇ ಮೈಸೂರಿನಲ್ಲಿ ಡಾಕ್ಟರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 'ಆಕಾಶವಾಣಿ'ಯನ್ನು ಆರಂಭಿಸಿದುದನ್ನು ನೆನೆದರೆ ಒಂದು ಅಂಶ ಹೊಳೆಯುತ್ತದೆ. ಮೈಕ್ರೊಫೋನು ಸಣ್ಣ ದನಿಗಳ ಬಂಧು. ಸಾವಿರ ಮಂದಿಯ ಸಭೆಯ ಕೊನೆಯ ಸಾಲಿಗೆ ಕೇಳಿಸದ ಗಿಟಾರು ಗ್ರಾಮಫೋನ್ ತಟ್ಟೆಯಿಂದಲೂ ರೇಡಿಯೋ ಪೆಟ್ಟಿಗೆಯಿಂದಲೂ ಶ್ರೋತೃವಿನ ಪಕ್ಕದಲ್ಲೇ ಕುಳಿತು ನುಡಿಯಬಲ್ಲುದಾಯಿತು.

ಈ ಪರಂಪರೆಯ ಶಿಖರವೆಂದು ಹಲವರು ಎಣಿಸುವ ಕೃತಿಯನ್ನು ರಚಿಸಿದವನು ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಹ್ವಾಕಿನ್ ರೊದ್ರೀಗೋ. ಅವನ 'ಕೊನ್ಸಿಯೆರ್ತೋ ದೆ ಆರಾನ್ಹ್ವೆಸ್' 1939ರಲ್ಲಿ ರಚಿತವಾಗಿ 1940ರ ನವೆಂಬರಿನಲ್ಲಿ ಬಾರ್ಸಿಲೋನಾ ನಗರದಲ್ಲಿ ಮೊದಲು ನುಡಿಸಲ್ಪಟ್ಟಿತು. ಅದರ ವಿಳಂಬ ಭಾಗದಲ್ಲಿ ಕೊಳವೆಯ ವಾದ್ಯವೊಂದು ಒಂದು ಮಾತನ್ನು ಹೇಳುತ್ತದೆ. ಗಿಟಾರು ಅದನ್ನೇ ತನ್ನ ಅಲಂಕಾರಗಳೊಡನೆ ಮರುನುಡಿಯುತ್ತದೆ. ತುಂಬಿದ ಮೇಳವು ಸಣ್ಣ ದನಿಗಾಗಿ ತಗ್ಗಿ ನಿಲ್ಲುವ ಆ ವಿನಯವನ್ನು ಗಮನಿಸಿ ಕೇಳಬೇಕು.

ಸಾಗರದ ಆಚೆಗೆ ಈ ವಾದ್ಯದ ಮತ್ತೊಂದು ಜನ್ಮ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ದಾಸ್ಯವನ್ನು ಕಂಡುಂಡ ನೀಗ್ರೋ ಜನಾಂಗದ ಪ್ರತಿಭೆಯಿಂದ ಜಾಝ್ ಸಂಗೀತ ಹುಟ್ಟಿತು. ಬರೆದಿಟ್ಟ ಸ್ವರವನ್ನು ಒಪ್ಪಿಸುವುದೇ ಅಲ್ಲಿ ಗುರಿಯಲ್ಲ. ಒಂದು ಪಲ್ಲವಿಯನ್ನು ಹಿಡಿದು ಆ ಕ್ಷಣದ ಮನೋಧರ್ಮದಿಂದ ಬೆಳಸುವುದು ಅದರ ಜೀವ. ನಮ್ಮ ಕಲ್ಪನಾಸ್ವರವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಆದರೆ ತುತ್ತೂರಿಗಳ ಅಬ್ಬರದಲ್ಲಿ ಗಿಟಾರು ಅಲ್ಲಿಯೂ ತಾಳ ಹಾಕುವ ಕೆಲಸಕ್ಕೇ ಮೀಸಲಾಗಿತ್ತು.

ಆ ಸ್ಥಿತಿಯನ್ನು ಮೀರಿದವರಲ್ಲಿ ಇಬ್ಬರನ್ನು ಹೇಳದೆ ಇರಲಾಗದು. ಜಾಂಗೋ ರೈನ್‌ಹಾರ್ಟ್ 1910ರಲ್ಲಿ ಬೆಲ್ಜಿಯಮ್ಮಿನಲ್ಲಿ ಅಲೆಮಾರಿ ರೋಮಾ ಜನಾಂಗದಲ್ಲಿ ಹುಟ್ಟಿದವನು. 1928ರಲ್ಲಿ ಅವನು ವಾಸವಾಗಿದ್ದ ಗಾಡಿಗೆ ಬೆಂಕಿ ಬಿದ್ದು ಎಡಗೈ ಸುಟ್ಟಿತು. ಉಂಗುರದ ಬೆರಳೂ ಕಿರುಬೆರಳೂ ಮುರುಟಿಹೋದುವು. ಮೆಟ್ಟಿನ ವಾದ್ಯದವನಿಗೆ ಇದಕ್ಕಿಂತ ದೊಡ್ಡ ವಿಪತ್ತು ಯಾವುದು? ಜಾಂಗೋ ಉಳಿದ ಎರಡು ಬೆರಳುಗಳಿಂದಲೇ ಹೊಸ ದಾರಿಯನ್ನು ಕಂಡುಕೊಂಡನು. 1934ರಲ್ಲಿ ಪಿಟೀಲುಗಾರ ಸ್ಟೆಫಾನ್ ಗ್ರಾಪೆಲ್ಲಿಯೊಡನೆ ಪ್ಯಾರಿಸಿನಲ್ಲಿ ಐವರ ಮೇಳವನ್ನು ಕಟ್ಟಿದನು. ಅದರಲ್ಲಿ ಮದ್ದಳೆಯಿಲ್ಲ, ತುತ್ತೂರಿಯಿಲ್ಲ, ಎಲ್ಲವೂ ತಂತಿಯೇ. ಜರ್ಮನರ ಆಕ್ರಮಣದಡಿಯಲ್ಲಿ ರೋಮಾ ಜನರನ್ನು ಪೀಡಿಸುತ್ತಿದ್ದ ಕಾಲದಲ್ಲಿ, 1940ರಲ್ಲಿ, ಅವನು 'ನ್ವಾಜ್', ಎಂದರೆ ಮೋಡಗಳು, ಎಂಬ ರಚನೆಯ ತಟ್ಟೆಯನ್ನು ಕೊಟ್ಟನು. ಅದರಲ್ಲಿ ರೋದನವಿಲ್ಲ, ಮಂದಹಾಸದ ಹಿಂದೆ ಅಡಗಿದ ವಿಷಾದವುಂಟು.

ಎರಡನೆಯವನು ಚಾರ್ಲಿ ಕ್ರಿಶ್ಚಿಯನ್. ಇವನು ಗಿಟಾರಿಗೆ ವಿದ್ಯುಚ್ಛಕ್ತಿಯ ಬಲವನ್ನು ಕೂಡಿಸಿಕೊಂಡು, 1939ರಲ್ಲಿ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿ, ಊದುವ ವಾದ್ಯಗಳಿಗೆ ಸರಿಸಮನಾಗಿ ಒಂದೊಂದೇ ಸ್ವರದ ನೀಳವಾದ ವಾಕ್ಯಗಳನ್ನು ನುಡಿಸಿದನು. 1942ರಲ್ಲಿ ಕ್ಷಯರೋಗದಿಂದ ಕಾಲವಾದಾಗ ಅವನ ವಯಸ್ಸು 25 ಮಾತ್ರ. ಅಷ್ಟರೊಳಗೆ ಅವನು ಹಾಕಿದ ದಾರಿಯಲ್ಲೇ ಮುಂದಿನವರೆಲ್ಲರೂ ನಡೆದರು. ಅವರಲ್ಲಿ ವೆಸ್ ಮಾಂಟ್ಗೊಮರಿಯು ಅಗ್ರಗಣ್ಯನು. ಮೀಟುಗೋಲನ್ನು ಬಿಟ್ಟು ಹೆಬ್ಬೆರಳಿನ ಮೆತ್ತೆಯಿಂದಲೇ ನುಡಿಸಿದ ಈತನ 1960ರ 'ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್' ಎಂಬ ಧ್ವನಿಮುದ್ರಣವು ಜಾಝ್ ಬಾಗಿಲನ್ನು ತಟ್ಟುವವರಿಗೆ ಪ್ರಶಸ್ತವಾದುದು.

ಅದೇ 1960ರಲ್ಲಿ ತುತ್ತೂರಿವಾದಕ ಮೈಲ್ಸ್ ಡೇವಿಸನ 'ಸ್ಕೆಚಸ್ ಆಫ್ ಸ್ಪೇನ್' ಹೊರಬಿದ್ದಿತು. ರೊದ್ರೀಗೋನ ಆ ವಿಳಂಬ ಭಾಗವೇ ಅದರಲ್ಲಿ ಜಾಝ್ ವೇಷವನ್ನು ತೊಟ್ಟು ಬಂದಿತು. ಶಾಸ್ತ್ರೀಯವೆಂದೂ ಜಾಝೆಂದೂ ನಾವು ಹಾಕಿದ ಗೋಡೆಯಲ್ಲಿ ಬಾಗಿಲಿತ್ತೆಂಬುದು ಎಲ್ಲರಿಗೂ ಕಂಡಿತು.

ಆ ಬಾಗಿಲಿನಿಂದ ನಮ್ಮ ಕಡೆಗೆ ಬಂದವನು ಇಂಗ್ಲೆಂಡಿನ ಜಾನ್ ಮೆಕ್‌ಲಾಫ್ಲಿನ್. ಮೈಲ್ಸ್ ಡೇವಿಸನ ಮೇಳದಲ್ಲಿ ನುಡಿಸಿ, ವಿದ್ವಾನ್ ಎಸ್. ರಾಮನಾಥನ್ ಅವರಲ್ಲಿ ವೀಣೆಯ ಪಾಠವನ್ನು ಪಡೆದು, 1975ರ ಹೊತ್ತಿಗೆ ಪಿಟೀಲಿನ ಎಲ್. ಶಂಕರ್, ತಬಲಾದ ಝಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಇವರೊಡನೆ 'ಶಕ್ತಿ' ಎಂಬ ಮೇಳದಲ್ಲಿ ಕಲೆತನು. ಗಮಕವಿಲ್ಲದೆ ರಾಗವಿಲ್ಲವೆಂಬುದನ್ನು ಅವನು ಅರಿತಿದ್ದನು. ಆದುದರಿಂದ ಮೆಟ್ಟುಗಳ ನಡುವಿನ ಮರವನ್ನು ತೋಡಿಸಿ ತಂತಿಯನ್ನು ಎಳೆಯಲು ಅನುಕೂಲ ಮಾಡಿಸಿಕೊಂಡನು. ಅನುರಣನದ ತಂತಿಗಳನ್ನೂ ಅಡ್ಡಲಾಗಿ ಕೂಡಿಸಿದನು. ಎಂದರೆ, ಬೆರೆಯುವುದಕ್ಕೆ ಮೊದಲು ತನ್ನ ವಾದ್ಯವನ್ನೇ ತಿದ್ದಿಕೊಂಡನು. ಈ ಮೇಳವು 2023ರಲ್ಲಿ ಹೊರತಂದ 'ದಿಸ್ ಮೊಮೆಂಟ್' 2024ರಲ್ಲಿ ಗ್ರ್ಯಾಮಿ ಬಹುಮಾನವನ್ನು ಪಡೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಝಾಕಿರ್ ಹುಸೇನರು ತೀರಿಕೊಂಡರು.

ಈ ಸಂಕರ ಸಂಗೀತವೆಲ್ಲವೂ ಒಳ್ಳೆಯದೆಂದು ನಾನು ಹೇಳಲಾರೆ. ವೇಗವೊಂದೇ ಬಂಡವಾಳವಾದ ಪ್ರದರ್ಶನಗಳು ಬಹಳ. ಪರೀಕ್ಷೆಗೆ ಒಂದು ಒರೆಗಲ್ಲು ಸಾಕು: ಒಬ್ಬರು ನುಡಿಸುವಾಗ ಮತ್ತೊಬ್ಬರು ಕೇಳುತ್ತಿರುವರೆ, ಇಲ್ಲವೆ ತಮ್ಮ ಸರದಿಗಾಗಿ ಕಾಯುತ್ತಿರುವರೆ? ಈ ಒರೆಗೆ ನಿಲ್ಲುವ ಎರಡು ಮುದ್ರಣಗಳನ್ನು ಸೂಚಿಸುವೆನು. 1967ರ 'ಕಾಲ್ ಆಫ್ ದಿ ವ್ಯಾಲಿ'ಯಲ್ಲಿ ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರು ಸಂತೂರ್ ಕೊಳಲುಗಳೊಡನೆ ಹಿಂದೂಸ್ತಾನಿ ರಾಗಗಳನ್ನು ನುಡಿಯುತ್ತದೆ. 1993ರ 'ಎ ಮೀಟಿಂಗ್ ಬೈ ದಿ ರಿವರ್' ಎಂಬುದರಲ್ಲಿ ವಿಶ್ವಮೋಹನ ಭಟ್ಟರೂ ಅಮೆರಿಕದ ರೈ ಕೂಡರನೂ, ಪೂರ್ವಾಭ್ಯಾಸವಿಲ್ಲದೆ, ಹೊಸ ನೆಂಟರು ಮಾತಾಡುವಂತೆ ನುಡಿಸಿದ್ದಾರೆ.

ನಮ್ಮ ನಾಡೂ ಇದರಲ್ಲಿ ಹಿಂದುಳಿಯಲಿಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಸಂಸ್ಥೆಯ ಆರ್. ಎ. ರಮಾಮಣಿ, ಟಿ. ಎ. ಎಸ್. ಮಣಿ ಮೊದಲಾದವರು ಜಾಝ್ ವಾದಕ ಚಾರ್ಲಿ ಮರಿಯಾನೋನೊಡನೆ 1983ರಲ್ಲಿ 'ಜ್ಯೋತಿ' ಎಂಬ ಮುದ್ರಣವನ್ನು ಕೊಟ್ಟರು. ಕದ್ರಿ ಗೋಪಾಲನಾಥರು ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತು, ಅನೇಕ ವರ್ಷಗಳ ಸಾಧನೆಯಿಂದ ಅದರಲ್ಲಿ ಕರ್ಣಾಟಕ ಸಂಗೀತವನ್ನು ಪಳಗಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು.

ಈಗ ಆ ಎರಡನೆಯ ಪ್ರಶ್ನೆಗೆ ಬರೋಣ. ಅನ್ಯ ಸಂಗೀತವನ್ನು ಕೇಳಿದರೆ ನಮ್ಮದು ಕೆಡುವುದೆ? ಇದಕ್ಕೆ ಮೈಸೂರಿನ ಚರಿತ್ರೆಯೇ ಉತ್ತರವನ್ನು ಕೊಡುತ್ತದೆ. ಶ್ರೀ ಜಯಚಾಮರಾಜೇಂದ್ರ ಒಡೆಯರವರು ಪಿಯಾನೋವನ್ನು ಬಲ್ಲವರು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ಸಂಗೀತಗಾರ ಮೆಟ್ನರನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಅವನ ಕೈಯಿಂದಲೇ ನುಡಿಸಿ ತಟ್ಟೆಗೆ ಇಳಿಸಲು ಧನವನ್ನು ಒದಗಿಸಿದರು. ಕೃತಜ್ಞನಾದ ಮೆಟ್ನರನು ತನ್ನ ಮೂರನೆಯ ಪಿಯಾನೋ ಕೊಂಚೆರ್ಟೋವನ್ನು ಅವರಿಗೆ ಅರ್ಪಿಸಿದನು. ಆ ಒಡೆಯರವರೇ ಕರ್ಣಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಒಂದು ಕಿವಿ ಮತ್ತೊಂದು ಕಿವಿಯನ್ನು ಕೆಡಿಸಲಿಲ್ಲ. ಬೇರು ಭದ್ರವಾಗಿರುವ ಮರಕ್ಕೆ ಗಾಳಿಯ ಭಯವೇಕೆ?

ಆದುದರಿಂದ, ಶ್ರೋತೃಗಳೇ, ಸೋಪಾನವನ್ನು ಕ್ರಮವಾಗಿ ಇಳಿಯಿರಿ. ಮೊದಲು ತಾರ್ರೆಗಾ, ಬಳಿಕ ಸೆಗೋವಿಯಾ ನುಡಿಸಿದ ಬಾಖ್, ಅನಂತರ ರೊದ್ರೀಗೋ, ಮುಂದೆ ಜಾಂಗೋ, ಕ್ರಿಶ್ಚಿಯನ್, ಮಾಂಟ್ಗೊಮರಿ, ಕಡೆಯಲ್ಲಿ 'ಶಕ್ತಿ'. ದಿನಕ್ಕೊಂದು ಸಾಕು, ಆದರೆ ಒಂದನ್ನೇ ಎರಡು ಬಾರಿ ಕೇಳಿರಿ. ಮೊದಲ ಬಾರಿ ಕಿವಿ ಹೊಸತನ್ನು ಕಾಣುತ್ತದೆ. ಎರಡನೆಯ ಬಾರಿ ನಂಟನ್ನು ಕಾಣುತ್ತದೆ. ಆಮೇಲೆ ಒಂದು ಸಂಜೆ ನಮ್ಮ ವೀಣೆಗೆ ಮರಳಿ ಬನ್ನಿರಿ. ಪರಊರಿಗೆ ಹೋಗಿ ಬಂದವನಿಗೆ ತನ್ನ ಮನೆಯ ದೀಪವು ಇನ್ನಷ್ಟು ಸ್ಪಷ್ಟವಾಗಿ ಕಾಣುವಂತೆ ಆ ಸಣ್ಣ ದನಿಯು ನಿಮಗೆ ಕೇಳಿಸೀತು.