ಅವೀಚಿ: ಧಾಟಿಯನ್ನೇ ನಂಬಿದ ಸ್ವೀಡನ್ನಿನ ಯುವ ಸಂಗೀತಗಾರ

ಸ್ವೀಡನ್ನಿನ ಎಲೆಕ್ಟ್ರಾನಿಕ್ ಸಂಗೀತ ನಿರ್ಮಾಪಕ ಟಿಮ್ ಬರ್ಗ್ಲಿಂಗ್ ಅವರು ಜಗತ್ತಿಗೆ ಪರಿಚಿತರಾದದ್ದು 'ಅವೀಚಿ' ಎಂಬ ಹೆಸರಿನಿಂದ. ಬೌದ್ಧ ಗ್ರಂಥಗಳಲ್ಲಿ ಇದು ಅತ್ಯಂತ ಕೆಳಗಿನ ನರಕದ ಹೆಸರು. 1989ರ ಸೆಪ್ಟೆಂಬರ್ 8ರಂದು ಸ್ಟಾಕ್‌ಹೋಮ್‌ನಲ್ಲಿ ಜನಿಸಿದ ಅವರು, 2018ರ ಏಪ್ರಿಲ್ 20ರಂದು ಒಮಾನ್‌ನ ಮಸ್ಕತ್‌ನಲ್ಲಿ ನಿಧನರಾದಾಗ ವಯಸ್ಸು ಕೇವಲ 28.

ಹದಿಹರೆಯದಲ್ಲಿಯೇ ಮನೆಯ ಕೋಣೆಯಲ್ಲಿ ಕುಳಿತು, ಎಫ್‌ಎಲ್ ಸ್ಟುಡಿಯೊ ಎಂಬ ತಂತ್ರಾಂಶದ ನೆರವಿನಿಂದ ಅವರು ಸಂಗೀತ ಸಂಯೋಜನೆ ಆರಂಭಿಸಿದರು. 'ಲೇಜಿ ಜೋನ್ಸ್' ಎಂಬ ಹಳೆಯ ಕಂಪ್ಯೂಟರ್ ಆಟದ ಸಂಗೀತಕ್ಕೆ ಮಾಡಿದ ರೀಮಿಕ್ಸ್ ಅವರ ಮೊದಲ ಪ್ರಯತ್ನಗಳಲ್ಲೊಂದು.

ರೀಮಿಕ್ಸ್ ಎಂದೊಡನೆ ನಮ್ಮಲ್ಲಿ ಹಳೆಯ ಚಿತ್ರಗೀತೆಗೆ ಅಬ್ಬರದ ತಾಳ ಜೋಡಿಸುವುದು ಎಂಬ ಭಾವನೆಯಿದೆ. ಅವೀಚಿ ಅವರ ಕ್ರಮ ಬೇರೆ. ಅನ್ಯರ ಗೀತೆಯಿಂದ ದನಿಯನ್ನು ಮಾತ್ರ ಬೇರ್ಪಡಿಸಿ, ಅದಕ್ಕೊಪ್ಪುವ ಹೊಸ ಧಾಟಿಯನ್ನೇ ಅವರು ಕಟ್ಟುತ್ತಿದ್ದರು. 2010ರಲ್ಲಿ ಟಿಮ್ ಬರ್ಗ್ ಎಂಬ ಹೆಸರಿನಲ್ಲಿ ಹೊರತಂದ 'ಸೀಕ್ ಬ್ರೊಮ್ಯಾನ್ಸ್' ಇದಕ್ಕೆ ಸಾಕ್ಷಿ. ಅವರದೇ ವಾದ್ಯಕೃತಿಯೊಂದಕ್ಕೆ ಇನ್ನೊಂದು ಹಾಡಿನ ಗಾಯನ ಬೆರೆತು ಅದು ರೂಪುಗೊಂಡಿತು. 2011ರ 'ಲೆವೆಲ್ಸ್' ಕೃತಿಯಲ್ಲಿ ಅಮೆರಿಕದ ಗಾಯಕಿ ಎಟಾ ಜೇಮ್ಸ್ ಅವರ 1962ರ ಗೀತೆಯೊಂದರ ತುಣುಕು ಕೇಳಿಬರುತ್ತದೆ. ಅದೇ ಅವರಿಗೆ ವಿಶ್ವಖ್ಯಾತಿ ತಂದಿತು.

2013ರ ಮಾರ್ಚ್‌ನಲ್ಲಿ ಮಯಾಮಿಯ ಅಲ್ಟ್ರಾ ಸಂಗೀತೋತ್ಸವದಲ್ಲಿ ಗಿಟಾರ್, ಬ್ಯಾಂಜೊ ಸಹಿತ ಅಮೆರಿಕದ ಹಳ್ಳಿಗಾಡಿನ ಸಂಗೀತವನ್ನು ವೇದಿಕೆಗೆ ತಂದಾಗ ನೃತ್ಯಪ್ರಿಯ ಶ್ರೋತೃಗಳು ಗಲಿಬಿಲಿಗೊಂಡರು. ಆದರೆ ಅಲೊ ಬ್ಲ್ಯಾಕ್ ಹಾಡಿದ 'ವೇಕ್ ಮಿ ಅಪ್' ಅದೇ ವರ್ಷ ಬ್ರಿಟನ್ ಸೇರಿದಂತೆ ಅನೇಕ ದೇಶಗಳಲ್ಲಿ ಅಗ್ರಸ್ಥಾನಕ್ಕೇರಿತು. ಈ ಗೀತೆಯುಳ್ಳ 'ಟ್ರೂ' ಧ್ವನಿಸಂಪುಟವನ್ನು 2014ರಲ್ಲಿ ಅವರೇ ರೀಮಿಕ್ಸ್ ಮಾಡಿ ಮತ್ತೆ ಹೊರತಂದರು.

ಕೋಣೆಯಲ್ಲಿ ಹುಟ್ಟಿದ ಸಂಗೀತ ಅವರನ್ನು ಬಿಡುವಿಲ್ಲದ ವಿಶ್ವಪ್ರವಾಸಕ್ಕೆ ದೂಡಿತು. ಮದ್ಯಪಾನ ಹಾಗೂ ಒತ್ತಡದಿಂದ ಆರೋಗ್ಯ ಕುಸಿಯಿತು. 2012ರಲ್ಲಿ ಮೇದೋಜ್ಜೀರಕ ಗ್ರಂಥಿಯ ಉರಿಯೂತದಿಂದ ಆಸ್ಪತ್ರೆ ಸೇರಿದರು. 2014ರಲ್ಲಿ ಪಿತ್ತಕೋಶ ಹಾಗೂ ಅಪೆಂಡಿಕ್ಸ್ ತೆಗೆಯುವ ಶಸ್ತ್ರಚಿಕಿತ್ಸೆ ನಡೆಯಿತು. 2016ರಲ್ಲಿ ಅವರು ವೇದಿಕೆಗೆ ವಿದಾಯ ಹೇಳಿದರು, ಸಂಗೀತ ರಚನೆಯನ್ನು ಮಾತ್ರ ಬಿಡಲಿಲ್ಲ.

ಅಪೂರ್ಣವಾಗಿ ಉಳಿದಿದ್ದ ರಚನೆಗಳನ್ನು ಸಹವರ್ತಿಗಳು ಪೂರ್ಣಗೊಳಿಸಿದರು. ಅವು 2019ರ ಜೂನ್‌ನಲ್ಲಿ 'ಟಿಮ್' ಎಂಬ ಹೆಸರಿನಲ್ಲಿ ಬಿಡುಗಡೆಯಾದವು. ಅವರ ಹೆತ್ತವರು ಸ್ಥಾಪಿಸಿದ ಟಿಮ್ ಬರ್ಗ್ಲಿಂಗ್ ಪ್ರತಿಷ್ಠಾನವು ಯುವಜನರ ಮಾನಸಿಕ ಆರೋಗ್ಯ ಮತ್ತು ಆತ್ಮಹತ್ಯೆ ತಡೆಗಾಗಿ ಶ್ರಮಿಸುತ್ತಿದೆ. ಸ್ಟಾಕ್‌ಹೋಮ್‌ನ ಗೋಳಾಕಾರದ ಬೃಹತ್ ಒಳಾಂಗಣಕ್ಕೆ 2021ರಲ್ಲಿ 'ಅವೀಚಿ ಅರೀನಾ' ಎಂದು ನಾಮಕರಣ ಮಾಡಲಾಯಿತು.